ಸ್ಕಾಟ್ಲೆಂಡಿನ ಊರುಗಳಿಗೆ ವಾರಾಂತ್ಯದ ಸುತ್ತಾಟ: ನಾಲ್ವರು ಸ್ನೇಹಿತರು, ತಲಾ 70 ಪೌಂಡ್, ಹೇಗೆ ಯೋಜಿಸೋದು?

ಕೊಪ್ಪದ ಕೂಸು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗ್ಲಾಸ್ಗೋದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಅಕ್ಟೋಬರ್‌ನಿಂದ ಮಾರ್ಚ್ ಒಳಗೆ, ತಿಂಗಳಿಗೆ ಎರಡು ವಾರಾಂತ್ಯದಂತೆ, ಸ್ಕಾಟ್ಲೆಂಡಿನ ಬೇರೆ ಬೇರೆ ಊರು ನೋಡಬೇಕು ಅಂತ ನಾಲ್ವರು ಸ್ನೇಹಿತರು ಅಂದುಕೊಂಡಿದ್ದೇವೆ. ತೊಂದರೆ ಏನಂದ್ರೆ ನಾಲ್ವರೂ ಒಂದೇ ಊರಲ್ಲಿಲ್ಲ, ಒಂದೇ ವಯಸ್ಸೂ ಅಲ್ಲ. ನನಗೆ 24, ನನ್ನ ಜೊತೆ ಗ್ಲಾಸ್ಗೋದಲ್ಲೇ ಇರುವ ಗೆಳತಿಗೆ 27. ಇನ್ನೊಬ್ಬಳು ಎಡಿನ್‌ಬರಾದಲ್ಲಿ, 23 ವರ್ಷ. ನಾಲ್ಕನೆಯವನು ಡಂಡೀಯಲ್ಲಿ ಬಿಎಸ್ಸಿ ಓದುತ್ತಾನೆ, 21. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳು.

ಒಂದು ವಾರಾಂತ್ಯಕ್ಕೆ ತಲಾ 70 ಪೌಂಡ್ ದಾಟಬಾರದು. ಕಾರು ಇಲ್ಲ. ಒಬ್ಬಳು ಮೊಟ್ಟೆ ಕೂಡ ತಿನ್ನದ ಸಸ್ಯಾಹಾರಿ. ರೈಲೋ ಬಸ್ಸೋ, ಯಾವ ಕಾರ್ಡು ಮಾಡಿಸಬೇಕು, ಯಾವ ಊರಿಗೆ ಒಂದು ದಿನ ಸಾಕು, ಯಾವುದಕ್ಕೆ ರಾತ್ರಿ ಉಳಿಯಬೇಕು? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಹಳಿ ಮೇಲಿನ ಹಕ್ಕಿ ಬರೆದದ್ದು:

ಮೊದಲು ವಯಸ್ಸಿನ ಲೆಕ್ಕ ನೋಡೋಣ. ನಿಮ್ಮ ನಾಲ್ವರಿಗೂ ಒಂದೇ ಕಾರ್ಡು ಹೊಂದುವುದಿಲ್ಲ, ಹೊಂದಿಸಲು ಹೋದರೆ ದುಡ್ಡು ದಂಡ.

21ರ ಹುಡುಗನಿಗೆ ಬಸ್ಸು ಪೂರ್ತಿ ಉಚಿತ. 2022ರ ಜನವರಿ 31ರಿಂದ ಸ್ಕಾಟ್ಲೆಂಡಿನಲ್ಲಿ ವಾಸಿಸುವ, 22 ತುಂಬದ ಎಲ್ಲರಿಗೂ ಈ ಯೋಜನೆ ಇದೆ. ಇಲ್ಲಿ ವಾಸವಿದ್ದರೆ ಸಾಕು, ಬ್ರಿಟಿಷ್ ಪ್ರಜೆಯೇ ಆಗಬೇಕಿಲ್ಲ. ನ್ಯಾಷನಲ್ ಎಂಟೈಟಲ್‌ಮೆಂಟ್ ಕಾರ್ಡ್‌ಗೆ ಆನ್‌ಲೈನ್ ಅರ್ಜಿ ಹಾಕಬೇಕು. ಫೋಟೋ, ಗುರುತಿನ ಪುರಾವೆ, ಇಲ್ಲಿನ ವಿಳಾಸದ ಪುರಾವೆ ಕೇಳುತ್ತಾರೆ. ಕಾರ್ಡು ಅಂಚೆಯಲ್ಲಿ ಬರುತ್ತದೆ, ಆದ್ದರಿಂದ ಈಗಲೇ ಹಾಕಲಿ. ಊರೊಳಗಿನ ಬಸ್ಸಿಗಷ್ಟೇ ಅಲ್ಲ, ಸಿಟಿಲಿಂಕ್‌ನಂಥ ದೂರದ ಬಸ್ಸಿಗೂ ನಡೆಯುತ್ತದೆ. ಹತ್ತಿದಾಗ ಚಾಲಕನಿಗೆ ಇಳಿಯುವ ಊರು ಹೇಳಿ ಕಾರ್ಡನ್ನು ಯಂತ್ರದ ಮೇಲೆ ಇಡಬೇಕು. ಫೋನಿನಲ್ಲಿ ಕಾರ್ಡಿನ ಫೋಟೋ ತೋರಿಸಿದರೆ ನಡೆಯುವುದಿಲ್ಲ. ಪ್ರವಾಸಿಗರ ಡಬ್ಬಲ್ ಡೆಕ್ಕರ್ ಬಸ್ಸಿಗೂ ರೈಲಿಗೂ ಇದು ಅನ್ವಯಿಸದು. 22ನೇ ಹುಟ್ಟುಹಬ್ಬದ ದಿನ ಈ ಸೌಲಭ್ಯ ನಿಲ್ಲುತ್ತದೆ, ಆ ತಾರೀಕು ಎಲ್ಲರೂ ನೆನಪಿಟ್ಟುಕೊಳ್ಳಿ.

ಉಳಿದ ಮೂವರಿಗೆ ರೈಲು. 23ರ ಹುಡುಗಿಗೆ 16–25 ರೇಲ್‌ಕಾರ್ಡ್, ವರ್ಷಕ್ಕೆ 35 ಪೌಂಡ್, ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿತ. ಒಟ್ಟು 105 ಪೌಂಡಿನಷ್ಟು ಟಿಕೆಟ್ ಕೊಂಡರೆ ಕಾರ್ಡಿನ ದುಡ್ಡು ವಾಪಸ್ ಬಂದಂತೆ. ತಿಂಗಳಿಗೆ ಎರಡು ಸಲದ ಲೆಕ್ಕದಲ್ಲಿ ಖಂಡಿತ ಗಿಟ್ಟುತ್ತದೆ. ಒಂದು ವರ್ಷದ ಎಂಎಸ್ಸಿಗೆ ಮೂರು ವರ್ಷದ ಕಾರ್ಡು ಬೇಡ.

ಗ್ಲಾಸ್ಗೋದ ನೀವಿಬ್ಬರೂ ಪ್ರತಿ ಸಲ ಒಟ್ಟಿಗೇ ಹೋಗಿ ಒಟ್ಟಿಗೇ ಬರುವುದು ಖಚಿತವಾದರೆ ಟೂ ಟುಗೆದರ್ ರೇಲ್‌ಕಾರ್ಡ್ ನೋಡಿ. ಅದೂ 35 ಪೌಂಡೇ, ಆದರೆ ಇಬ್ಬರಿಗೂ ಸೇರಿ ಒಂದು ಕಾರ್ಡು. ತಲಾ 17.50 ಬಿತ್ತು, ಕಡಿತ ಅಷ್ಟೇ. ಕಾರ್ಡಿನ ಮೇಲೆ ಇಬ್ಬರ ಹೆಸರು, ಇಬ್ಬರ ಫೋಟೋ ಇರುತ್ತದೆ. ಒಬ್ಬರಿಗೆ ಜ್ವರ ಬಂತು ಅಂತ ಇನ್ನೊಬ್ಬರು ಮಾತ್ರ ಹೋದರೆ ಪೂರ್ತಿ ದರ. ವಾರದ ದಿನಗಳಲ್ಲಿ ಬೆಳಿಗ್ಗೆ 9:30ರ ಮೊದಲು ನಡೆಯದು, ಶನಿವಾರ ಭಾನುವಾರ ಆ ಕಟ್ಟು ಇಲ್ಲ. ಪ್ರತ್ಯೇಕ ಬೇಕೆಂದರೆ 27ರ ಗೆಳತಿ 26–30 ಕಾರ್ಡು ತೆಗೆದುಕೊಳ್ಳಲಿ. ವಿದ್ಯಾರ್ಥಿ ಅಂತ 16–25 ಕಾರ್ಡೂ ಸಿಗುತ್ತದೆ, ಆದರೆ ಅದಕ್ಕೆ ವಿಶ್ವವಿದ್ಯಾಲಯದ ದೃಢೀಕರಣ ಬೇಕು. ಬೆಲೆ, ಕಡಿತ ಎರಡರಲ್ಲೂ ಒಂದೇ ಆದ್ದರಿಂದ ಆ ಓಡಾಟ ಯಾಕೆ?

ಈಗ ದರ. 2025ರ ಸೆಪ್ಟೆಂಬರ್ 1ರಿಂದ ಸ್ಕಾಟ್ಲೆಂಡಿನ ರೈಲು ಸಂಸ್ಥೆ ಸ್ಕಾಟ್‌ರೇಲ್‌ನಲ್ಲಿ ಪೀಕ್ ದರ, ಅಂದರೆ ದಟ್ಟಣೆಯ ಹೊತ್ತಿನ ಹೆಚ್ಚಿನ ದರ, ಇಲ್ಲವೇ ಇಲ್ಲ. ಗ್ಲಾಸ್ಗೋ–ಎಡಿನ್‌ಬರಾ ಹೋಗಿ ಬರಲು ಪೀಕ್‌ನಲ್ಲಿ 32.60 ಇದ್ದದ್ದು ಆಗ 16.80ಕ್ಕೆ ಇಳಿಯಿತು. ಕಾರ್ಡಿದ್ದರೆ ಸುಮಾರು 11. ವಿದ್ಯಾರ್ಥಿಗಳಿಗೆ ಇದರ ದೊಡ್ಡ ಲಾಭ ಶುಕ್ರವಾರ ಸಂಜೆ: ಐದೂವರೆಯ ರೈಲಿಗೂ ಅದೇ ದರ. ದೂರದ ಊರಿಗೆ ಶುಕ್ರವಾರವೇ ಹೊರಟರೆ ಶನಿವಾರ ಇಡೀ ದಿನ ಕೈಗೆ ಸಿಗುತ್ತದೆ.

ಟಿಕೆಟ್ಟನ್ನು ಸ್ಕಾಟ್‌ರೇಲ್‌ನ ಆ್ಯಪ್‌ನಲ್ಲೇ ಕೊಳ್ಳಿ, ಬುಕಿಂಗ್ ಶುಲ್ಕ ಇಲ್ಲ. ಕೊಳ್ಳುವಾಗ ‘ಡೇ ರಿಟರ್ನ್’ ಎಂದಿದೆಯೋ ಬರೀ ‘ರಿಟರ್ನ್’ ಎಂದಿದೆಯೋ ನೋಡಿ. ಡೇ ರಿಟರ್ನ್ ಅದೇ ದಿನಕ್ಕೆ ಮಾತ್ರ. ಶನಿವಾರ ಹೋಗಿ ಭಾನುವಾರ ಅದರಲ್ಲೇ ಬರಲು ಹೋಗಿ ಸಿಕ್ಕಿಬೀಳುವವರು ಬಹಳ. ‘ಅಡ್ವಾನ್ಸ್’ ಟಿಕೆಟ್ ಅಗ್ಗ, ಆದರೆ ನಮೂದಿಸಿದ ರೈಲು ಬಿಟ್ಟು ಬೇರೆಯದಕ್ಕೆ ನಡೆಯದು, ನಡುವೆ ಇಳಿಯುವ ಹಾಗೂ ಇಲ್ಲ. ಗುಂಪಿನಲ್ಲಿ ಒಬ್ಬರಾದರೂ ತಡವಾಗುವವರಿದ್ದರೆ ಮಾಮೂಲಿ ಟಿಕೆಟ್ಟೇ ಲೇಸು.

ರೈಲು 30 ನಿಮಿಷ ಅಥವಾ ಹೆಚ್ಚು ತಡವಾದರೆ ಆ ದಿಕ್ಕಿನ ದರದ ಅರ್ಧ, ಒಂದು ಗಂಟೆ ದಾಟಿದರೆ ಪೂರ್ತಿ ವಾಪಸ್ ಕೇಳಬಹುದು. ಇದಕ್ಕೆ ‘ಡಿಲೇ ರಿಪೇ’ ಅನ್ನುತ್ತಾರೆ, ಅರ್ಜಿಗೆ 28 ದಿನ ಗಡುವು. ನಾಲ್ವರ ಟಿಕೆಟ್ ಒಬ್ಬರೇ ಕೊಂಡಿದ್ದರೆ ಅರ್ಜಿಯೂ ಅವರೇ ಹಾಕಲಿ, ಆ ಹಣ ನಾಲ್ವರ ಒಟ್ಟು ಖರ್ಚಿನ ಲೆಕ್ಕಕ್ಕೆ ಸೇರಲಿ.

ಕೊನೆಯದಾಗಿ ಗ್ಲಾಸ್ಗೋದ ನಿಲ್ದಾಣಗಳ ಗೊಂದಲ. ಎಡಿನ್‌ಬರಾ, ಸ್ಟರ್ಲಿಂಗ್, ಪರ್ತ್, ಡಂಡೀ, ಅಬರ್ಡೀನ್, ಇನ್ವರ್ನೆಸ್ ಎಲ್ಲಕ್ಕೂ ಕ್ವೀನ್ ಸ್ಟ್ರೀಟ್. ಸೆಂಟ್ರಲ್ ನಿಲ್ದಾಣ ಇಂಗ್ಲೆಂಡ್ ಕಡೆಗೆ ಮತ್ತು ಏರ್‌ಶೈರ್ ಕಡೆಗೆ. ಎರಡರ ನಡುವೆ ಹತ್ತು ನಿಮಿಷದ ನಡಿಗೆ. ಕ್ವೀನ್ ಸ್ಟ್ರೀಟ್‌ನಲ್ಲೂ ಎರಡು ಅಂತಸ್ತಿದೆ. ಮೇಲಿನ ಪ್ಲಾಟ್‌ಫಾರ್ಮ್‌ಗಳಿಂದ ಫಾಲ್ಕರ್ಕ್ ಹೈ ಮಾರ್ಗವಾಗಿ ಎಡಿನ್‌ಬರಾಗೆ ಸುಮಾರು 50 ನಿಮಿಷ. ಕೆಳಗಿನ 8, 9ರಿಂದಲೂ ಎಡಿನ್‌ಬರಾ ರೈಲಿದೆ, ಅದು ಬಾತ್‌ಗೇಟ್ ಸುತ್ತಿ ಹೋಗುತ್ತದೆ, ಗಂಟೆಯ ಮೇಲಾಗುತ್ತದೆ. ಬೋರ್ಡಿನಲ್ಲಿ ಬರೀ ‘ಎಡಿನ್‌ಬರಾ’ ನೋಡಿ ಓಡಬೇಡಿ, ತಲುಪುವ ಸಮಯ ನೋಡಿ.

ಕುಡ್ಲದ ಕಡಲು ಬರೆದದ್ದು:

ಟಿಕೆಟ್ ವಿಷಯ ಮೇಲೆ ಚೆನ್ನಾಗಿ ಬಂತು. ನಾನು ಎಡಿನ್‌ಬರಾದ ಬಗ್ಗೆ ಹೇಳ್ತೇನೆ. ಅಲ್ಲಿ ಹೆಚ್ಚಿನವರು ಕ್ರಮ ತಪ್ಪಿಸುತ್ತಾರೆ ಮಾರಾಯ್ರೆ. ಚಳಿಗಾಲದ ಕ್ರಮವೇ ಬೇರೆ ಉಂಟು.

ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು 8:40ಕ್ಕೆ, ಮುಳುಗುವುದು 3:40ಕ್ಕೆ. ಬೆಳಕು ಏಳು ಗಂಟೆ ಮಾತ್ರ. ಆದ್ದರಿಂದ ಬಯಲಿನದ್ದೆಲ್ಲ ಮೊದಲು, ಒಳಗಿನದ್ದು ಆಮೇಲೆ. ಮ್ಯೂಸಿಯಂಗಳು ಸಂಜೆ 5ರವರೆಗೆ ತೆರೆದಿರುತ್ತವೆ, ಬೆಟ್ಟಕ್ಕೆ ದೀಪ ಹಾಕುವವರು ಯಾರೂ ಇಲ್ಲ.

ಗ್ಲಾಸ್ಗೋದಿಂದ ಬರುವಾಗ ಮೊದಲು ಹೇಮಾರ್ಕೆಟ್ ಬರುತ್ತದೆ. ಎಲ್ಲರೂ ಏಳುತ್ತಾರೆ ಅಂತ ನೀವೂ ಇಳಿಯಬೇಡಿ, ಹಳೆಯ ಪೇಟೆಗೆ ವೇವರ್ಲಿ. ಅಲ್ಲಿ ಮಾರ್ಕೆಟ್ ಸ್ಟ್ರೀಟ್ ಕಡೆಯ ಬಾಗಿಲಿನಿಂದ ಹೊರಬಿದ್ದರೆ ಎದುರಿಗೇ ಫ್ಲೆಶ್‌ಮಾರ್ಕೆಟ್ ಕ್ಲೋಸ್‌ನ ಕಡಿದಾದ ಮೆಟ್ಟಿಲು. ಹತ್ತಿದರೆ ಸೀದಾ ರಾಯಲ್ ಮೈಲ್. ಪ್ರಿನ್ಸಸ್ ಸ್ಟ್ರೀಟ್ ಕಡೆಯಿಂದ ಹೊರಟರೆ ಸುಮ್ಮನೆ ಸುತ್ತು.

ಚಳಿಗಾಲದ ಶನಿವಾರ ಹೀಗೆ: 10 ಗಂಟೆಗೆ ಹೋಲಿರೂಡ್ ಪಾರ್ಕ್ ತಲುಪಿ ಆರ್ಥರ್ಸ್ ಸೀಟ್ ಹತ್ತಿ. ಎತ್ತರ 251 ಮೀಟರ್. ಅರಮನೆಯ ಕಡೆಯಿಂದ ಮುಕ್ಕಾಲು ಗಂಟೆ ಬೇಕು. ಪೂರ್ವದ ಡನ್‌ಸಪಿ ಕೆರೆಯ ಕಡೆಯಿಂದ ಹತ್ತಿದರೆ ದಾರಿ ಕಡಿಮೆ, ಏರೂ ಮೆದು. ಕಷ್ಟ ಇರುವುದು ತುದಿಯ ಬಂಡೆಯಲ್ಲಿ. ಲಕ್ಷಾಂತರ ಕಾಲು ಸವೆಸಿ ಕಲ್ಲು ನುಣ್ಣಗಾಗಿದೆ, ಮಳೆ ಬಿದ್ದರೆ ಬಟ್ಟೆ ಶೂಸಿಗೆ ಹಿಡಿತ ಇಲ್ಲ. ಹತ್ತುವಾಗಲ್ಲ, ಇಳಿಯುವಾಗ ಜಾರುವುದು. ಒದ್ದೆಯಾಗಿದ್ದರೆ ಕೊನೆಯ ಬಂಡೆ ಬಿಟ್ಟು ಸ್ವಲ್ಪ ಕೆಳಗೇ ನಿಂತು ನೋಡಿ, ನೋಟದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಮಂಜು ಕವಿದಿದ್ದರೆ ಕಾಲ್ಟನ್ ಹಿಲ್ ಸಾಕು, ವಾಟರ್ಲೂ ಪ್ಲೇಸ್‌ನಿಂದ ಮೆಟ್ಟಿಲು ಹತ್ತಿ ಐದು ನಿಮಿಷ.

ಊಟ ಮುಗಿಸಿ 2 ಗಂಟೆಗೆ ಚೇಂಬರ್ಸ್ ಸ್ಟ್ರೀಟ್‌ನ ನ್ಯಾಷನಲ್ ಮ್ಯೂಸಿಯಂ. ಪ್ರವೇಶ ಉಚಿತ. ಹೋದ ಕೂಡಲೇ ಲಿಫ್ಟ್ ಹತ್ತಿ 7ನೇ ಮಹಡಿಯ ತಾರಸಿಗೆ ಹೋಗಿ, ಕೋಟೆ ಎದುರಿಗೇ ಕಾಣುತ್ತದೆ. ಬೆಳಕು ಹೋದ ಮೇಲೆ ಕೆಳಗಿನ ಗ್ಯಾಲರಿಗಳು. ಮೌಂಡ್ ಎಂಬ ರಸ್ತೆಯಲ್ಲಿರುವ ಚಿತ್ರಶಾಲೆ, ನ್ಯಾಷನಲ್ ಗ್ಯಾಲರಿ, ಕೂಡ ಉಚಿತವೇ.

ಕೋಟೆಯ ಟಿಕೆಟ್ 20 ಪೌಂಡ್ ಆಸುಪಾಸು. ದಿನ ಮತ್ತು ಹೊತ್ತು ನಿಗದಿ ಮಾಡಿ ಆನ್‌ಲೈನ್‌ನಲ್ಲಿ ಕೊಂಡರೆ ಅಗ್ಗ. ಮಧ್ಯಾಹ್ನ 1 ಗಂಟೆಯ ತೋಪು ನೋಡಬೇಕಿದ್ದರೆ ಶನಿವಾರವೇ ಹೋಗಿ, ಭಾನುವಾರ ಹಾರಿಸುವುದಿಲ್ಲ. ಎಡಿನ್‌ಬರಾ, ಸ್ಟರ್ಲಿಂಗ್, ಅರ್ಕ್ಹರ್ಟ್ ಮೂರೂ ಕೋಟೆ ನೋಡುವ ಯೋಚನೆ ಉಂಟಾದರೆ ಅವನ್ನು ನೋಡಿಕೊಳ್ಳುವ ಸಂಸ್ಥೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್‌ನ ವಿದ್ಯಾರ್ಥಿ ಸದಸ್ಯತ್ವದ ಬೆಲೆ ನೋಡಿ, ಮೂರು ಬಿಡಿ ಟಿಕೆಟ್ಟಿಗೆ ಹೋಲಿಸಿ ತೀರ್ಮಾನಿಸಿ. ಒಂದೇ ಕೋಟೆಗೆ ದುಡ್ಡು ಇರುವುದಾದರೆ ನನ್ನ ಮತ ಸ್ಟರ್ಲಿಂಗ್‌ಗೆ. ಜನಜಂಗುಳಿ ಕಡಿಮೆ. ಹಳದಿ ಸುಣ್ಣ ಬಳಿದ ನಾಲ್ಕನೇ ಜೇಮ್ಸ್ ಕಾಲದ ಸಭಾಂಗಣದೊಳಗೆ ನಿಂತಾಗ ಅರಮನೆ ಅಂದರೆ ಏನು ಅಂತ ಗೊತ್ತಾಗುತ್ತದೆ.

ಊರೊಳಗಿನ ಲೋಥಿಯನ್ ಬಸ್ಸಿಗೆ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ನಗದು ಕೊಡುವುದಾದರೆ ಸರಿಯಾದ ಚಿಲ್ಲರೆ ಬೇಕು, ವಾಪಸ್ ಕೊಡುವ ಪದ್ಧತಿ ಇಲ್ಲ. ಟ್ರಾಮ್‌ನಲ್ಲಿ ಉಲ್ಟಾ: ಹತ್ತುವ ಮೊದಲೇ ದುಡ್ಡು ಕಟ್ಟಿರಬೇಕು, ಒಳಗೆ ಕೇಳಿದರೆ ಹೆಚ್ಚಿನ ದರ ಕಟ್ಟಬೇಕು.

ಧಾರವಾಡದಾಕಿ ಬರೆದದ್ದು:

ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೀನಿ ನೋಡ್ರಿ. ಮೊಟ್ಟಿ ತಿನ್ನದಾಕಿ ಜೊತಿಗೆ ಅದಾಳ ಅಂದ್ರ ಒಂದು ಮಾತು ಗಟ್ಟಿ ನೆನಪಿಡ್ರಿ: ಇಲ್ಲಿ ‘ವೆಜಿಟೇರಿಯನ್’ ಅಂದ್ರ ಮೊಟ್ಟಿ ಇರಬಹುದು. ‘ವೀಗನ್’ ಅಂತ ಬರ್ದಿದ್ರ ಮೊಟ್ಟಿ ಇಲ್ಲ, ಹಾಲೂ ಇಲ್ಲ. ಹಾಲು ನಡೀತದ ಅಂತಿದ್ರ ಪೊಟ್ಟಣದ ಹಿಂದ ದಪ್ಪ ಅಕ್ಷರದಾಗ ಅಲರ್ಜಿ ಪದಾರ್ಥ ಬರ್ದಿರ್ತಾರ, ಅಲ್ಲಿ ಮೊಟ್ಟಿ ಅದನೋ ಇಲ್ಲೋ ಒಂದು ಕ್ಷಣದಾಗ ಗೊತ್ತಾಗ್ತದ.

ಮೂರು ಕಡೆ ಮೋಸ ಹೋಗ್ತಾರ. ಮೊದಲನೇದು ಚಿಪ್ಸ್. ಬರೀ ಆಲೂಗಡ್ಡಿ ಅಲ್ಲೇನು ಅಂತ ತಿಂತಾರ, ಆದರ ಸ್ಕಾಟ್ಲೆಂಡಿನ ಎಷ್ಟೋ ಫಿಶ್ ಆ್ಯಂಡ್ ಚಿಪ್ಸ್ ಅಂಗಡ್ಯಾಗ ದನದ ಕೊಬ್ಬಿನಾಗ ಕರೀತಾರ. ‘ಎಣ್ಣಿ ಯಾವುದು?’ ಅಂತ ಕೇಳ್ರಿ, ಬೇಜಾರಿಲ್ದ ಹೇಳ್ತಾರ. ಅದೇ ಬಾಣಲ್ಯಾಗ ಮೀನೂ ಕರೀತಾರೇನು ಅಂತ ಕೂಡ ಕೇಳ್ರಿ. ಎರಡನೇದು ಲೆಂಟಿಲ್ ಸೂಪ್. ನೋಡಾಕ ನಮ್ಮ ಬ್ಯಾಳಿ ಕಟ್ಟಿನಂಗ ಇರ್ತದ, ಆದರ ಇಲ್ಲಿಯ ಪದ್ಧತಿಯೊಳಗ ಹಂದಿ ಮಾಂಸದ ಸ್ಟಾಕ್ ಹಾಕಿ ಕುದಸ್ತಾರ. ಕೆಫೆಯೊಳಗ ಕೇಳದ ಕುಡಿಬ್ಯಾಡ್ರಿ. ಮೂರನೇದು ಜೆಲಾಟಿನ್, ಮೆದು ಮಿಠಾಯಿ ಮತ್ತ ಕೆಲವು ಮೊಸರಿನ ಡಬ್ಬ್ಯಾಗ ಇರ್ತದ.

ತಿನ್ನಬಹುದಾದ್ದೂ ಬೇಕಾದಷ್ಟದ. ಹ್ಯಾಗಿಸ್ ಅಂದ್ರ ಇಲ್ಲಿಯ ಮಾಂಸದ ಅಡಗಿ, ಆದರ ಅದರ ವೆಜಿಟೇರಿಯನ್ ರೂಪ ಎಲ್ಲಾ ಊರಾಗೂ ಸಿಗ್ತದ: ಓಟ್ಸ್, ಬ್ಯಾಳಿ, ಕಿಡ್ನಿ ಬೀನ್ಸ್, ತರಕಾರಿ, ಮೆಣಸಿನ ಖಾರ. ಜೊತಿಗೆ ಗಜ್ಜರಿಗತ್ಲೆ ಕಾಣೋ ಟರ್ನಿಪ್ ಪಲ್ಯ, ಆಲೂಗಡ್ಡಿ. ಹೋಟೆಲಿನಾಗ ವಿಸ್ಕಿ ಸಾಸ್ ಹಾಕ್ತಾರ, ಬ್ಯಾಡಂದ್ರ ಮೊದಲ ಹೇಳ್ರಿ. ಶಾರ್ಟ್‌ಬ್ರೆಡ್‌ಗೆ ಬೆಣ್ಣಿ, ಸಕ್ರಿ, ಹಿಟ್ಟು ಅಷ್ಟ. ಟ್ಯಾಬ್ಲೆಟ್ ಅಂತ ಒಂದು ಸಿಹಿ ಅದ, ಸಕ್ರಿ, ಬೆಣ್ಣಿ, ಕಂಡೆನ್ಸ್ಡ್ ಹಾಲು ಕಾಸಿ ಕತ್ತರಿಸಿದ್ದು, ಅದರಾಗೂ ಮೊಟ್ಟಿ ಇರಂಗಿಲ್ಲ.

ಮಧ್ಯಾಹ್ನಕ್ಕ ಸೂಪರ್‌ಮಾರ್ಕೆಟ್ಟಿನ ಮೀಲ್ ಡೀಲ್: ಒಂದು ರ‍್ಯಾಪ್, ಒಂದು ಕುರುಕು, ಒಂದು ಪಾನೀಯ. ಲಾಯಲ್ಟಿ ಕಾರ್ಡ್ ಇದ್ರ ಸುಮಾರು 4 ಪೌಂಡಿನಾಗ ಮುಗೀತದ. ರಾತ್ರಿಗೆ ಹಾಸ್ಟೆಲ್ ಅಡಗಿಮನಿ. ಮೈಕ್ರೋವೇವ್ ಅನ್ನದ 250 ಗ್ರಾಮಿನ ಪಾಕೀಟು ಎರಡು ನಿಮಿಷ ಬಿಸಿ ಮಾಡ್ರಿ, ಬಿಸಿ ಇದ್ದಾಗನ ಎರಡು ಚಮಚ ಪುಳಿಯೋಗರೆ ಗೊಜ್ಜು ಕಲಸ್ರಿ, ಮ್ಯಾಲೆ ಒಂದು ಹಿಡಿ ಶೇಂಗಾ. ಹಸಿದವರಿಗೆ ಒಬ್ಬರಿಗೊಂದು ಪಾಕೀಟು ಬೇಕು. ಅನ್ನ ತಣ್ಣಗಾದ ಮ್ಯಾಲೆ ಕಲಸಿದ್ರ ಗೊಜ್ಜು ಉಂಡಿಗಟ್ಟಿ ಒಂದ ಕಡೆ ಕೂಡ್ತದ. ಗೊಜ್ಜಿನ ಬಾಟ್ಲಿ ಗಾಜಿಂದು ಒಯ್ಯಬ್ಯಾಡ್ರಿ, ಬಿಗಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದನ್ನ ಮತ್ತೊಂದು ಚೀಲದಾಗ ಹಾಕಿ ಒಯ್ರಿ. ಎಣ್ಣಿ ಹಿಂಡಿದ್ರ ಅಂಗಿ ಕಲೆ ಹೋಗಂಗಿಲ್ಲ.

ಕೊಪ್ಪದ ಕೂಸು:

ಎಲ್ಲರಿಗೂ ತುಂಬಾ ಧನ್ಯವಾದ. ಲೆಂಟಿಲ್ ಸೂಪ್ ವಿಷಯ ನಮಗೆ ಗೊತ್ತೇ ಇರಲಿಲ್ಲ, ಗುಂಪಿಗೆ ಈಗಲೇ ಕಳಿಸಿದೆ. ಇನ್ನೆರಡು ಪ್ರಶ್ನೆ. ಮೊದಲ ಸುತ್ತಾಟಕ್ಕೆ ಯಾವ ಊರು? ಎಲ್ಲರೂ ಎಡಿನ್‌ಬರಾ ಅಂತಾರೆ. ಮತ್ತೆ ಇನ್ವರ್ನೆಸ್, ಅಬರ್ಡೀನ್ ಎರಡರಲ್ಲಿ ಒಂದೇ ಸಾಧ್ಯ ಅಂದ್ರೆ ಯಾವುದು?

ಟೇ ನದಿ ದಂಡೆ ಬರೆದದ್ದು:

ಮೊದಲ ಸುತ್ತಾಟಕ್ಕೆ ಪರ್ತ್. ಭೂಪಟದಲ್ಲಿ ನೋಡಿ: ಗ್ಲಾಸ್ಗೋದಿಂದ ನೇರ ರೈಲು, ಸುಮಾರು ಒಂದು ಗಂಟೆ. ಎಡಿನ್‌ಬರಾದಿಂದಲೂ ನೇರ, ಒಂದೂಕಾಲು ಗಂಟೆ ಚಿಲ್ಲರೆ. ಡಂಡೀಯಿಂದ ಅರ್ಧ ಗಂಟೆಯೂ ಇಲ್ಲ, ಬಸ್ಸಾದರೆ ನಿಮ್ಮ ಹುಡುಗನಿಗೆ ಖರ್ಚೇ ಇಲ್ಲ. ನಾಲ್ವರೂ ಹತ್ತೂವರೆಗೆ ಒಂದೆಡೆ ಸೇರಬಹುದು, ರಾತ್ರಿ ಎಲ್ಲರೂ ಅವರವರ ಕೋಣೆಗೆ ಮರಳಬಹುದು. ಗುಂಪಿನಲ್ಲಿ ಯಾರು ಎಷ್ಟು ನಡೆಯುತ್ತಾರೆ, ಯಾರು ಎಷ್ಟು ತಡ ಮಾಡುತ್ತಾರೆ ಅನ್ನೋದು 70 ಪೌಂಡ್ ಹೋಗುವ ಮೊದಲೇ ತಿಳಿಯುತ್ತದೆ.

ಪರ್ತ್ ಮ್ಯೂಸಿಯಂ 2024ರ ಮಾರ್ಚ್‌ನಲ್ಲಿ ತೆರೆದದ್ದು. ಸ್ಕಾಟ್ಲೆಂಡಿನ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದ ‘ಸ್ಟೋನ್ ಆಫ್ ಡೆಸ್ಟಿನಿ’ ಈಗ ಎಡಿನ್‌ಬರಾ ಕೋಟೆಯಲ್ಲಿಲ್ಲ, ಇಲ್ಲಿದೆ. ಪ್ರವೇಶ ಉಚಿತ, ಆದರೆ ಕಲ್ಲಿನ ಕೋಣೆಗೆ ಸಮಯ ನಮೂದಿಸಿದ ಚೀಟಿ ಬೇಕು, ಮೊದಲೇ ಕಾದಿರಿಸಿ. ಮಧ್ಯಾಹ್ನ ಕಿನ್ನೂಲ್ ಹಿಲ್, 222 ಮೀಟರ್, ಪೇಟೆಯಿಂದ ನಡೆದೇ ಒಂದು ಗಂಟೆಯೊಳಗೆ ತುದಿ. ಕಡಿದಾದ ಬಂಡೆಯಂಚು, ಕೆಳಗೆ ಟೇ ನದಿಯ ತಿರುವು. ಅಂಚಿಗೆ ಬೇಲಿ ಇಲ್ಲದ ಜಾಗಗಳಿವೆ, ಗಾಳಿಯ ದಿನ ಫೋಟೋಕ್ಕಾಗಿ ಮುಂದೆ ಸರಿಯಬೇಡಿ.

ಎರಡನೆಯದು ಸ್ಟರ್ಲಿಂಗ್, ಅದೂ ಒಂದು ದಿನದ್ದು. ನಿಲ್ದಾಣದಿಂದ ಕೋಟೆಗೆ 20 ನಿಮಿಷ ಏರು. ವ್ಯಾಲೆಸ್ ಸ್ಮಾರಕ ಊರಾಚೆ, ಮೂರು ಕಿಲೋಮೀಟರ್ ಆಗಬಹುದು, ಬಸ್ಸಿದೆ. 246 ಸುತ್ತುಮೆಟ್ಟಿಲು, ಹತ್ತುವವರಿಗೂ ಇಳಿಯುವವರಿಗೂ ಅದೊಂದೇ ಇಕ್ಕಟ್ಟಿನ ದಾರಿ. ಬೆನ್ನಿಗೆ ದೊಡ್ಡ ಚೀಲ ಇದ್ದರೆ ಎದುರು ಬಂದವರಿಗೆ ಜಾಗ ಬಿಡಲು ಆಗುವುದಿಲ್ಲ. ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ, ಹಾಗಾಗಿ ಕೋಟೆ ಬೆಳಿಗ್ಗೆ, ಊಟಕ್ಕೆ ಮೊದಲೇ ಮುಗಿಸಿ.

ಡಂಡೀಗೂ ಒಂದು ದಿನ. ವಿ ಆ್ಯಂಡ್ ಎ ಎಂಬ ವಿನ್ಯಾಸದ ಮ್ಯೂಸಿಯಂ ರೈಲು ನಿಲ್ದಾಣದ ಎದುರಿಗೇ ಇದೆ. 2018ರಲ್ಲಿ ತೆರೆದದ್ದು, ಕೆಂಗೊ ಕುಮಾ ಅವರ ವಿನ್ಯಾಸ. ಸ್ಕಾಟಿಷ್ ವಿನ್ಯಾಸದ ಶಾಶ್ವತ ಗ್ಯಾಲರಿ ಉಚಿತ, ಗ್ಲಾಸ್ಗೋದ ಇನ್‌ಗ್ರಮ್ ಸ್ಟ್ರೀಟ್‌ನಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ವಾಸ್ತುಶಿಲ್ಪಿ ಮ್ಯಾಕಿಂಟಾಷ್ ಅವರ ಓಕ್ ರೂಮ್ ಅದರೊಳಗಿದೆ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ನನ್ನನ್ನು ಕೇಳಿದರೆ ದುಡ್ಡು ಕೊಟ್ಟು ನೋಡಬೇಕಾದ್ದು ವರ್ಡಂಟ್ ವರ್ಕ್ಸ್, ಹಳೆಯ ಸೆಣಬಿನ ಗಿರಣಿ. ಬಂಗಾಳದ ಸೆಣಬು ಇಲ್ಲಿಗೆ ಹಡಗಿನಲ್ಲಿ ಬರುತ್ತಿತ್ತು. ಒರಟು ನಾರು ಯಂತ್ರಕ್ಕೆ ಒಗ್ಗಲು ಅದಕ್ಕೆ ನೀರು, ತಿಮಿಂಗಿಲದ ಎಣ್ಣೆ ಬೆರೆಸಿ ಮೆದು ಮಾಡುತ್ತಿದ್ದರು. ತಿಮಿಂಗಿಲ ಬೇಟೆಯ ಬಂದರೇ ಸೆಣಬಿನ ಊರೂ ಆದದ್ದು ಹೀಗೆ. ಎಡಿನ್‌ಬರಾದ ಗೆಳತಿ ಡಂಡೀಗೆ ಬರುವಾಗ 1890ರ ಫೋರ್ತ್ ಸೇತುವೆ ದಾಟುತ್ತಾಳೆ. ಎಡಗಡೆ ಕಿಟಕಿ ಹಿಡಿದರೆ ಎರಡು ರಸ್ತೆ ಸೇತುವೆಗಳೂ ಕಾಣುತ್ತವೆ.

ಇನ್ವರ್ನೆಸ್ಸೋ ಅಬರ್ಡೀನೋ ಅನ್ನುವುದು ತಿಂಗಳ ಮೇಲೆ ನಿಂತಿದೆ. ಅಕ್ಟೋಬರ್ ಅಥವಾ ಮಾರ್ಚ್ ಕೊನೆಗಾದರೆ ಇನ್ವರ್ನೆಸ್. ನಡು ಚಳಿಗಾಲದಲ್ಲಾದರೆ ಅಬರ್ಡೀನ್. ಇನ್ವರ್ನೆಸ್ ರೈಲು ಡ್ರಮೋಕ್ಟರ್ ಕಣಿವೆಯಲ್ಲಿ 452 ಮೀಟರ್ ಎತ್ತರ ಹತ್ತಿ ಹೋಗುತ್ತದೆ. ಬ್ರಿಟನ್ನಿನ ಮುಖ್ಯ ರೈಲುಜಾಲದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಹಿಮ, ಬಿರುಗಾಳಿ ಬಂದಾಗ ಮೊದಲು ಕೈಕೊಡುವ ಹಾದಿಗಳಲ್ಲಿ ಅದೊಂದು. ಗ್ಲಾಸ್ಗೋದಿಂದ ಮೂರೂಕಾಲು ಗಂಟೆಯ ಮೇಲೆ ಬೇಕು, ಹಾಗಾಗಿ ಶುಕ್ರವಾರ ಸಂಜೆ ಹೊರಟು ಎರಡು ರಾತ್ರಿ ಉಳಿಯುವುದೇ ಸರಿ. ಶನಿವಾರ ಸಿಟಿಲಿಂಕ್ 919 ಬಸ್ಸಿನಲ್ಲಿ ಲಾಕ್ ನೆಸ್ ದಂಡೆಯ ಅರ್ಕ್ಹರ್ಟ್ ಕೋಟೆ, ಸುಮಾರು ಅರ್ಧ ಗಂಟೆ. ವಾಪಸ್ ಬಸ್ಸಿನ ಸಮಯ ಹತ್ತುವ ಮುಂಚೆಯೇ ಬರೆದುಕೊಳ್ಳಿ. ಭಾನುವಾರ ಬೆಳಿಗ್ಗೆ 1746ರ ಕಲೋಡನ್ ರಣಭೂಮಿ. ಬಯಲಿನಲ್ಲಿ ನಡೆದಾಡಲು ದುಡ್ಡಿಲ್ಲ, ಒಳಗಿನ ಪ್ರದರ್ಶನಕ್ಕೆ ಮಾತ್ರ ಟಿಕೆಟ್.

ಅಬರ್ಡೀನ್‌ಗೆ ಗ್ಲಾಸ್ಗೋದಿಂದ ಎರಡು ಗಂಟೆ ನಲವತ್ತು ನಿಮಿಷದ ಹತ್ತಿರ. ಕಲಾ ಗ್ಯಾಲರಿ, ಕಡಲ ಮ್ಯೂಸಿಯಂ ಎರಡೂ ಉಚಿತ, ಮಳೆಯ ದಿನಕ್ಕೆ ಹೇಳಿ ಮಾಡಿಸಿದ ಊರು. ಅಡ್ವಾನ್ಸ್ ಅಲ್ಲದ ಮಾಮೂಲಿ ಟಿಕೆಟ್ ಇದ್ದರೆ ದಾರಿಯಲ್ಲಿ ಸ್ಟೋನ್‌ಹೇವನ್‌ನಲ್ಲಿ ಇಳಿದು ಡನಾಟರ್ ಕೋಟೆ ನೋಡಿಕೊಂಡು ಮುಂದಿನ ರೈಲು ಹತ್ತಬಹುದು. ನಿಲ್ದಾಣದಿಂದ ಬಂದರಿಗೆ 20 ನಿಮಿಷ, ಅಲ್ಲಿಂದ ಬಂಡೆಯ ಮೇಲಿನ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ. ಗಾಳಿ ಜೋರಿದ್ದರೆ ಕೋಟೆ ಮುಚ್ಚುತ್ತಾರೆ, ಅವರ ಪುಟ ನೋಡಿಯೇ ಇಳಿಯಿರಿ.

ಇದೆಲ್ಲಕ್ಕಿಂತ ಮುಖ್ಯ ಮಾತು: ನಿಮ್ಮ ಯೋಜನೆಯನ್ನು ಭಾನುವಾರದ ವಾಪಸ್ ರೈಲಿನಿಂದ ಶುರುಮಾಡಿ, ಹಿಂದಕ್ಕೆ ಬನ್ನಿ. ಭಾನುವಾರ ಮೊದಲ ರೈಲು ತಡ, ಒಟ್ಟು ರೈಲೂ ಕಡಿಮೆ, ಹಳಿ ದುರಸ್ತಿ ಇಟ್ಟುಕೊಳ್ಳುವುದೂ ಹೆಚ್ಚಾಗಿ ಅವತ್ತೇ. ದುರಸ್ತಿ ಇದ್ದರೆ ಒಂದು ತುಂಡು ದಾರಿಗೆ ಬದಲಿ ಬಸ್ಸು ಹಾಕುತ್ತಾರೆ, ಐವತ್ತು ನಿಮಿಷದ ದಾರಿ ಎರಡು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಗುರುವಾರ ರಾತ್ರಿ ನ್ಯಾಷನಲ್ ರೇಲ್‌ನ ಪುಟದಲ್ಲಿ ಶನಿವಾರದ್ದಲ್ಲ, ಭಾನುವಾರದ್ದೇ ತಾರೀಕು ಹಾಕಿ ನೋಡಿ. ಗ್ಲಾಸ್ಗೋ ಸಬ್‌ವೇ ಕೂಡ ಭಾನುವಾರ ಬೆಳಿಗ್ಗೆ 10ಕ್ಕೆ ಶುರುವಾಗಿ ಸಂಜೆ 6ರ ಹೊತ್ತಿಗೆ ಮುಗಿಯುತ್ತದೆ. ಸ್ನೇಹಿತರು ಗ್ಲಾಸ್ಗೋಗೆ ಬಂದಾಗ ಇದು ನೆನಪಿರಲಿ. ಅಲ್ಲಿಯ ಕೆಲ್ವಿನ್‌ಗ್ರೋವ್ ಮ್ಯೂಸಿಯಂ ಭಾನುವಾರ 11ಕ್ಕೆ ತೆರೆಯುತ್ತದೆ. ಅಲ್ಲಿಯ ಆರ್ಗನ್ ಕಛೇರಿ ಶನಿವಾರ ಮಧ್ಯಾಹ್ನ 1ಕ್ಕೆ, ಭಾನುವಾರ 3ಕ್ಕೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ, ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದೆ. ಮಾರ್ಚಿನದ್ದು ಅಪಾಯ, ನಿದ್ದೆಯಲ್ಲೇ ಒಂದು ಗಂಟೆ ಹೋಗಿರುತ್ತದೆ. ಫೋನ್ ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ.

ಫೆಬ್ರವರಿ, ಮಾರ್ಚ್‌ನ ಕೆಲವು ದಿನ ಎಡಿನ್‌ಬರಾದ ಮರ್ರಿಫೀಲ್ಡ್‌ನಲ್ಲಿ ಸಿಕ್ಸ್ ನೇಷನ್ಸ್ ರಗ್ಬಿ ಇರುತ್ತದೆ. ಅವತ್ತು ಹೇಮಾರ್ಕೆಟ್‌ನಲ್ಲಿ ಕಾಲಿಡಲು ಜಾಗ ಇರದು, ಹಾಸಿಗೆಯ ಬೆಲೆಯೂ ಏರಿರುತ್ತದೆ. ಆ ದಿನ ಸ್ಟರ್ಲಿಂಗ್‌ಗೆ ಹೋಗಿ.

ಬಳ್ಳಾರಿ ಬಂಡೆ ಬರೆದದ್ದು:

ಕನ್ನಡದವರಿಗೆ ಅಂತ ಎರಡು ಸಂಗತಿ ಸೇರಿಸುತ್ತೇನೆ. 1780ರಲ್ಲಿ ಸೆರೆಸಿಕ್ಕಿ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂಧಿಯಾಗಿದ್ದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. 1799ರ ಮೇ 4ರಂದು ಅದೇ ಕೋಟೆಯ ಮೇಲಿನ ದಾಳಿಯ ಮುಂದಾಳೂ ಅವನೇ. ಟಿಪ್ಪುವಿನ ದೇಹವನ್ನು ಅವನು ಗುರುತಿಸುವ ದೃಶ್ಯವನ್ನು ಡೇವಿಡ್ ವಿಲ್ಕಿ ಬಿಡಿಸಿದ ಬೃಹತ್ ಚಿತ್ರ ಎಡಿನ್‌ಬರಾದ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿದೆ. ಸಂಗ್ರಹದಲ್ಲಿರುವುದೆಲ್ಲ ಗೋಡೆಯ ಮೇಲೆ ಇರುವುದಿಲ್ಲ, ಹೋಗುವ ಮುನ್ನ ಪುಟದಲ್ಲಿ ಎಲ್ಲಿ ತೂಗುಹಾಕಿದ್ದಾರೆ ಅಂತ ನೋಡಿ. ಗೆದ್ದವರ ಕಣ್ಣಿನಿಂದ ಬರೆದ ಚಿತ್ರ ಅದು, ಹಾಗೆಂದೇ ನಾವು ನಿಂತು ನೋಡಬೇಕು.

ಬಳ್ಳಾರಿ ಸೀಮೆಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ, 1761ರಲ್ಲಿ. ಓದಿದ್ದೂ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲೇ. ಅದಕ್ಕೂ ಮೊದಲು ಕೆನರಾ ಜಿಲ್ಲೆಯ ಕಂದಾಯ ನೋಡಿಕೊಂಡವನೂ ಅವನೇ, ಕುಡ್ಲದವರಿಗೂ ಅದರಲ್ಲಿ ಪಾಲುಂಟು.

ಹಳಿ ಮೇಲಿನ ಹಕ್ಕಿ:

ಉಳಿಯುವ ಜಾಗದ ಬಗ್ಗೆ ಯಾರೂ ಬರೆದಿಲ್ಲ. ನಾಲ್ವರು ಅಂದರೆ ಹಾಸ್ಟೆಲಿನ ಡಾರ್ಮ್‌ನಲ್ಲಿ (ಹಲವರು ಹಂಚಿಕೊಳ್ಳುವ ಕೋಣೆ) ನಾಲ್ಕು ಹಾಸಿಗೆಯ ಬೆಲೆಗೂ ನಾಲ್ಕು ಹಾಸಿಗೆಯ ಇಡೀ ಕೋಣೆಯ ಬೆಲೆಗೂ ಹೋಲಿಸಿ ನೋಡಿ, ನಡು ಚಳಿಗಾಲದಲ್ಲಿ ಎಷ್ಟೋ ಸಲ ವ್ಯತ್ಯಾಸ ಸಣ್ಣದು. ಡಾರ್ಮ್ ಆದರೆ ಹುಡುಗಿಯರದ್ದೋ ಮಿಶ್ರವೋ ನೋಡಿ ಆರಿಸಿ. ಲಾಕರ್ ಇರುತ್ತದೆ, ಬೀಗ ನೀವೇ ಒಯ್ಯಬೇಕು. ಬ್ರಿಟನ್, ಐರ್ಲೆಂಡ್, ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಲ್ಲದವರಿಂದ ಪಾಸ್‌ಪೋರ್ಟ್ ಸಂಖ್ಯೆ ಬರೆಸಿಕೊಳ್ಳಬೇಕೆಂಬ ಕಾನೂನಿದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಭಾರತೀಯರು ಹೆಸರು, ರಾಷ್ಟ್ರೀಯತೆ ಹೇಳಿದರೆ ಕಾನೂನಿಗೆ ಸಾಕು, ಆದರೂ ಗುರುತಿಗೆ ಕೇಳಿದರೆ ಇರಲಿ ಅಂತ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಫೋನಿನಲ್ಲಿಟ್ಟುಕೊಳ್ಳಿ. ಎಡಿನ್‌ಬರಾದಲ್ಲಿ 2026ರ ಜುಲೈ 24ರಿಂದಾಚೆಗಿನ ರಾತ್ರಿಗಳಿಗೆ ಕೋಣೆಯ ಬೆಲೆಯ ಮೇಲೆ ಶೇಕಡಾ 5 ಪ್ರವಾಸಿ ತೆರಿಗೆ ಇದೆ, ಸತತ ಐದು ರಾತ್ರಿವರೆಗೆ. ಡಿಸೆಂಬರ್ 31ರ ಸುತ್ತಮುತ್ತ ಅಲ್ಲಿ ಉಳಿಯುವ ಯೋಚನೆ ಬಿಡಿ, ನಿಮ್ಮ 70 ಪೌಂಡಿಗೆ ಒಂದು ಹಾಸಿಗೆಯೂ ಕಷ್ಟ. ಗೆಳತಿಯ ಕೋಣೆಯಲ್ಲಿ ನೆಲದ ಮೇಲೆ ಮಲಗುವುದಾದರೆ ಅವಳ ವಸತಿಗೃಹದ ಅತಿಥಿ ನಿಯಮ ಮೊದಲು ಓದಿ, ಕೆಲವು ಕಡೆ ಮುಂಚಿತವಾಗಿ ಹೆಸರು ಕೊಡಬೇಕು.

ಬಟ್ಟೆ: ಕೊಡೆ ಬೇಡ, ಅಲ್ಲಿಯ ಗಾಳಿಗೆ ಒಂದೇ ಸಲಕ್ಕೆ ಮಗುಚುತ್ತದೆ. ಟೋಪಿ ಇರುವ ಜಲನಿರೋಧಕ ಜಾಕೆಟ್, ಒಳಗೆ ತೆಳು ಪದರ ಎರಡು. ಜೀನ್ಸ್ ನೆನೆದರೆ ಸಂಜೆವರೆಗೂ ಒಣಗದು. ಒಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಚ್ಚಿಗೆ ಇಟ್ಟುಕೊಳ್ಳಿ. ರೈಲಿನಲ್ಲಿ ಯಾರಾದರೂ ಕಿರುಕುಳ ಕೊಟ್ಟರೆ ರೈಲ್ವೆ ಪೊಲೀಸರಿಗೆ 61016ಕ್ಕೆ ಮೆಸೇಜು, ತುರ್ತಾದರೆ 999. ಎರಡನ್ನೂ ನಾಲ್ವರ ಫೋನಿನಲ್ಲೂ ಹಾಕಿಡಿ.